ಬೇಸಿಗೆಯ ಬಾಗಿಲಲ್ಲಿ ಯಾರು?

ಅಮೆರಿಕದ ಟ್ರಾಯ್, ನೋವೈ, ನೇಪರ್‌ವಿಲ್ ಉಪನಗರಗಳ ಕನ್ನಡ ಮನೆಗಳಲ್ಲಿ ಹೈಸ್ಕೂಲು ಮಕ್ಕಳ ಬೇಸಿಗೆ ರಜೆ ಚಳಿಗಾಲದಲ್ಲೇ ಹಂಚಿಹೋಗಿರುತ್ತದೆ. ರೊಬೊಟಿಕ್ಸ್‌ಗೆ ಎರಡು ವಾರ, ವಿಶ್ವವಿದ್ಯಾಲಯದ ಶಿಬಿರಕ್ಕೆ ಮೂರು. ಫೀಸು ಕಟ್ಟಲು, ಕಾರಿನಲ್ಲಿ ಬಿಟ್ಟು ಬರಲು ಅಪ್ಪ ಅಮ್ಮ ಇದ್ದಾರೆ. ಅದೇ ಹೆದ್ದಾರಿಗಳ ಇನ್ನೊಂದು ತುದಿಯ ಡೆಟ್ರಾಯಿಟ್‌ನಲ್ಲಿ, ಶಿಕಾಗೊದ ದಕ್ಷಿಣ ಭಾಗದಲ್ಲಿ, ಅವರದೇ ವಯಸ್ಸಿನ ಎಷ್ಟೋ ಕಪ್ಪು ಮತ್ತು ಲ್ಯಾಟಿನೊ ಮಕ್ಕಳಿಗೆ ರಜೆ ಎಂದರೆ ದುಡಿಯುವ ಕಾಲ, ಇಲ್ಲವೇ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕಾಲ. ಅವರಿಗೆಂದೇ ನಡೆಯುವ ವಿಜ್ಞಾನ ಶಿಬಿರಗಳನ್ನು ಈ ತಕ್ಕಡಿಯಲ್ಲೇ ತೂಗಬೇಕು.

ಅಮೆರಿಕನ್ ಕೆಮಿಕಲ್ ಸೊಸೈಟಿಗೆ ಇದು ಬೇಗ ಅರ್ಥವಾಯಿತು. 1968ರಲ್ಲಿ ಆರಂಭವಾದ ಅದರ ‘ಪ್ರಾಜೆಕ್ಟ್ ಸೀಡ್’ ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಎಂಟು–ಹತ್ತು ವಾರ ಪ್ರಯೋಗಾಲಯದಲ್ಲಿ ನಿಜವಾದ ಸಂಶೋಧನೆಯ ಕೆಲಸ ಕೊಡುತ್ತದೆ, ಕೈಗೆ ಹಣವನ್ನೂ ಕೊಡುತ್ತದೆ. ಆ ಹಣವಿಲ್ಲದಿದ್ದರೆ ಉಚಿತ ಶಿಬಿರವೂ ಬಡ ಮನೆಗೆ ದುಬಾರಿ.

ನನಗೆ ಹೆಚ್ಚು ಹಿಡಿಸಿದ್ದು ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ‘ಮ್ಯಾಥ್ ಕೋರ್’. ಗಣಿತದ ಪ್ರಾಧ್ಯಾಪಕ ಸ್ಟೀವ್ ಕಾನ್ ಮತ್ತು ಸಂಗಡಿಗರು 1992ರಲ್ಲಿ ಕಟ್ಟಿದ ಈ ಆರು ವಾರಗಳ ಬೇಸಿಗೆ ಶಾಲೆಯಲ್ಲಿ ಕಾಲೇಜಿನವರು ತಂಡ ನಡೆಸುತ್ತಾರೆ, ಹೈಸ್ಕೂಲಿನವರು ಕಿರಿಯರಿಗೆ ಕಲಿಸುತ್ತಾರೆ. ಕಲಿಸಿದ್ದಕ್ಕೆ ಸಂಬಳ ಉಂಟು, ಅವರಿಗೂ ಮೇಲ್ಮಟ್ಟದ ಪಾಠ ಉಂಟು. ಲೆಕ್ಕ ತಲೆಗೆ ಹತ್ತದೆ ಕೂತ ಹುಡುಗಿಗೆ ತನ್ನದೇ ಊರಿನ ಅಕ್ಕನೊಬ್ಬಳು “ನನಗೂ ಮೊದಲು ಬರುತ್ತಿರಲಿಲ್ಲ” ಎಂದು ಪಕ್ಕ ಕೂತರೆ ಸಿಗುವ ಧೈರ್ಯವನ್ನು ಯಾವ ಅತಿಥಿ ಉಪನ್ಯಾಸವೂ ಕೊಡಲಾರದು. ಕರ್ನಾಟಕದ ಗಡಿಯಾಚೆಯ ಕುಪ್ಪಂನಲ್ಲಿ ಅಗಸ್ತ್ಯ ಪ್ರತಿಷ್ಠಾನ ಹಳ್ಳಿ ಮಕ್ಕಳಿಂದಲೇ ಹಳ್ಳಿ ಮಕ್ಕಳಿಗೆ ಪ್ರಯೋಗ ಹೇಳಿಸುತ್ತದಲ್ಲ, ಅದರ ಬಲವೂ ಇದೇ.

ನನ್ನ ತಕರಾರು ಇರುವುದು ಆಯ್ಕೆಯ ಬಗ್ಗೆ. ಎಷ್ಟೋ ಶಿಬಿರಗಳು ಅಂಕಪಟ್ಟಿ, ಶಿಕ್ಷಕರ ಶಿಫಾರಸು ಕೇಳುತ್ತವೆ. ಆಮೇಲೆ ತಮ್ಮಲ್ಲಿಗೆ ಬಂದವರೆಲ್ಲ ಕಾಲೇಜು ಸೇರಿದರೆಂದು ಹೆಮ್ಮೆಪಡುತ್ತವೆ. ಹೇಗೂ ಸೇರುತ್ತಿದ್ದ ಮಕ್ಕಳನ್ನೇ ಆರಿಸಿಕೊಂಡರೆ ಶಿಬಿರದ ಪಾಲೆಷ್ಟು ಎಂದು ಹೇಳುವುದು ಹೇಗೆ? ಪಳೆಯುಳಿಕೆ ವಿಜ್ಞಾನಿ ಪಾಲ್ ಸೆರೆನೊ ಮತ್ತು ಗೇಬ್ರಿಯೆಲ್ ಲಯನ್ 1999ರಲ್ಲಿ ಶಿಕಾಗೊದಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಎಕ್ಸ್‌ಪ್ಲೊರೇಶನ್’ ಇಲ್ಲಿ ಬೇರೆ ದಾರಿ ಹಿಡಿಯಿತು. ಅಂಕಕ್ಕಿಂತ ಕುತೂಹಲ ನೋಡಿ ಸರ್ಕಾರಿ ಶಾಲೆಯ ಮಕ್ಕಳನ್ನು ಪಶ್ಚಿಮದ ಬಯಲುಗಳಿಗೆ ಡೈನೊಸಾರ್ ಮೂಳೆ ಅಗೆಯಲು ಕರೆದೊಯ್ಯಿತು. ಅಂಥ ಯಾತ್ರೆಗೆ ಹೋಗಬಲ್ಲವರು ಬೆರಳೆಣಿಕೆಯಷ್ಟು ಮಂದಿ, ನಿಜ. ಕುತೂಹಲವನ್ನು ಅರ್ಜಿ ನೋಡಿ ಗುರುತಿಸಲೂ ಆಗದು. ಒಬ್ಬೊಬ್ಬರ ಜೊತೆ ಕೂತು ಮಾತಾಡಬೇಕು, ಅದಕ್ಕೆ ಜನ ಬೇಕು, ಪುರುಸೊತ್ತು ಬೇಕು. ಹಣ ಕೊಡುವವರು ಮೈಕ್ರೊಸ್ಕೋಪಿಗೆ ಕೊಟ್ಟಷ್ಟು ಸುಲಭವಾಗಿ ಈ ಮಾತುಕತೆಗೂ ಕೊಡುವಂತಾಗಬೇಕು.