ಸಿದ್ದಾಪುರದ ಶಾಸನವೂ ಮುಪ್ಪಿನ ವೇತನವೂ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಅಶೋಕ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದಂದಿನಿಂದ ಚರಿತ್ರಕಾರರೂ ಲಿಪಿಜ್ಞರೂ ಅದನ್ನು ಓದುತ್ತ ಬಂದಿದ್ದಾರೆ. ಗದ್ಯವೆಂದು ಓದಿದವರು ಕಡಮೆ. ಹಾಗೆ ಓದಿದರೆ ನಮ್ಮ ಕಾಲದ ಪಿಂಚಣಿಯ ಜಗಳ ನೆನಪಾಗದಿರದು.

ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟ ಈ ಆಜ್ಞೆ ಮೊದಲು ಅವರ ಆರೋಗ್ಯವನ್ನು ವಿಚಾರಿಸುತ್ತದೆ. ಕೊನೆಗೆ, ತಂದೆತಾಯಿಗಳ ಶುಶ್ರೂಷೆ ಮಾಡಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಮನ್ನಿಸಬೇಕು ಎಂದು ವಿಧಿಸಿ, ಪುರಾತನವಾದ ಈ ನಡೆಯೇ ದೀರ್ಘಾಯುಸ್ಸಿಗೆ ದಾರಿ ಎನ್ನುತ್ತದೆ. ಬರೆದ ಲಿಪಿಕಾರ ಚಪಡನೂ ತನ್ನ ಹೆಸರನ್ನು ಕಲ್ಲಿನ ಮೇಲೆ ಉಳಿಸಿಕೊಂಡಿದ್ದಾನೆ, ಸರಕಾರಿ ನೌಕರನಲ್ಲವೆ! ವಾಕ್ಯಗಳು ಚಿಕ್ಕವು, ಗಾಂಭೀರ್ಯ ದೊಡ್ಡದು. ಆದರೆ ಕ್ರಿಯಾಪದಗಳನ್ನು ಗಮನಿಸಿ. ತಂದೆತಾಯಿಗಳ ವಿಷಯದಲ್ಲಿ ‘ಮಾಡಬೇಕಾದವನು’ ಮಗ. ಚಕ್ರವರ್ತಿಯ ಬೊಕ್ಕಸಕ್ಕೆ ಕಾಸಿನ ಹೊರೆಯಿಲ್ಲ. ಗಿರಿನಾರಿನ ಎಂಟನೆಯ ಶಾಸನದಲ್ಲಿ ವೃದ್ಧರಿಗೆ ಹೊನ್ನು ಕೊಡುವ ಮಾತುಂಟು. ಅದೂ ದಾನವೇ, ಋಣವಲ್ಲ.

ಯೂರೋಪಿನ ಜನ ಇದನ್ನು ಋಣವೆಂದೇ ತಿಳಿಯುತ್ತಾರೆ. ಫ್ರಾನ್ಸಿನಲ್ಲಿ 2023ರಲ್ಲಿ ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸಹೊರಟಾಗ ಲಕ್ಷಾಂತರ ಮಂದಿ ಬೀದಿಗಿಳಿದರು. ಸ್ವಿಟ್ಜರ್ಲೆಂಡಿನ ಮತದಾರರು 2024ರ ಮಾರ್ಚಿನಲ್ಲಿ ವರ್ಷಕ್ಕೆ ಹದಿಮೂರನೆಯ ತಿಂಗಳ ವೃದ್ಧಾಪ್ಯ ವೇತನವನ್ನು ಒಪ್ಪಿ, ವಯಸ್ಸನ್ನು ಏರಿಸುವ ಸಲಹೆಯನ್ನು ಅದೇ ದಿನ ತಳ್ಳಿಹಾಕಿದರು. ಶಾಸನವು ವರವೆಂದ ದೀರ್ಘಾಯುಸ್ಸು ಅಲ್ಲಿಯ ಲೆಕ್ಕಿಗರಿಗೆ ತಲೆನೋವು. ಜನಕ್ಕೆ ಲೆಕ್ಕ ಬಾರದೆಂದಲ್ಲ. ಆ ನಿಧಿ ಗುಮಾಸ್ತನದೂ ಹೌದು, ಗೃಹಿಣಿಯದೂ ಹೌದು. ತಮ್ಮದಕ್ಕೆ ತಾವು ಮತ ಕೊಟ್ಟರು.

ನಮ್ಮಲ್ಲಿ ಪಿಂಚಣಿ ಅನುಗ್ರಹವಲ್ಲ, ಸಲ್ಲಿಸಿದ ಸೇವೆಯ ಫಲ ಎಂದು ಸುಪ್ರೀಂ ಕೋರ್ಟು 1982ರಲ್ಲಿ ನಕಾರಾ ಮೊಕದ್ದಮೆಯಲ್ಲಿ ಸಾರಿತು. 2006ರ ಏಪ್ರಿಲ್ 1ರಿಂದ ರಾಜ್ಯದ ಸೇವೆಗೆ ಸೇರಿದವರಿಗೆ ಕೊನೆಯ ಸಂಬಳದ ಅರ್ಧ ಸಿಗುವ ಹಳೆಯ ಪದ್ಧತಿ ತಪ್ಪಿ, ಸಂಬಳದಿಂದ ನೂರಕ್ಕೆ ಹತ್ತು ಕಟ್ಟುವ ಹೊಸ ಪದ್ಧತಿ ಬಂತು. ಹಳೆಯದೇ ಬೇಕೆಂಬ ನೌಕರರ ವಾದ ನ್ಯಾಯವಾದದ್ದೆಂದೇ ನನ್ನ ಮತ. ಅದರ ಕೊರತೆ ಬೇರೆ: ‘ಸೇವೆ’ ಎಂಬ ಮಾತನ್ನು ಅದು ಕಚೇರಿಯ ಹೊಸ್ತಿಲೊಳಗೇ ಕಟ್ಟಿಹಾಕಿದೆ.

2007ರಲ್ಲಿ ಬಂದ ‘ಸಂಧ್ಯಾ ಸುರಕ್ಷಾ’ದ ಹೆಸರು ಕಾವ್ಯ, ಮೊತ್ತ ಶುದ್ಧ ಗದ್ಯ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲಂತೂ ಎಂಬತ್ತು ತುಂಬುವ ತನಕ ತಿಂಗಳಿಗೆ 200 ರೂಪಾಯಿ. ಅದನ್ನೂ ‘ವೇತನ’ವೆಂದೇ ಕರೆಯುತ್ತೇವೆ. ಆದರೆ ಮೊಳಕಾಲ್ಮೂರಿನಲ್ಲಿ ಐವತ್ತು ವರ್ಷ ರೇಷ್ಮೆ ಸೀರೆ ನೇಯ್ದವನ ದುಡಿಮೆ ಯಾವ ಸೇವಾಪುಸ್ತಕದಲ್ಲೂ ದಾಖಲಾಗಿಲ್ಲ. ಅರ್ಜಿ ಹಿಡಿದು ಬಂದಾಗ ಅವನು ಫಲಾನುಭವಿ.