ವೈರಸ್ಸಿನ ಕನ್ನಡದಲ್ಲಿ ಬರೀ ಯುದ್ಧವೇ ಯಾಕೆ?

ಮಂಗನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳನ್ನು ಓದುತ್ತಾ ಹೋದರೆ ಒಂದೇ ಚಿತ್ರ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ವೈರಸ್ ದಾಳಿ ಮಾಡುತ್ತದೆ, ಜೀವಕೋಶದ ಕೋಟೆ ಒಡೆಯುತ್ತದೆ, ದೇಹದ ಸೈನ್ಯ ಹೋರಾಡುತ್ತದೆ. ಕೊರೊನಾ ಕಾಲದಲ್ಲಿ ಈ ಭಾಷೆ ‘ವಾರಿಯರ್’ಗಳ ತನಕ ಬೆಳೆಯಿತು. ಜನರನ್ನು ಎಚ್ಚರಿಸಲು ಅದರಿಂದ ಉಪಯೋಗವಾಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಈ ರೂಪಕ ವೈರಸ್ ಒಳಗೆ ಬರುವುದನ್ನಷ್ಟೇ ಹೇಳುತ್ತದೆ. ಅದು ಹೊರಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವೇ ಇಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲ ಊರುಗಳಲ್ಲಿ ಜನ ಜ್ವರಕ್ಕೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗುರುತಿಸಿದ ಆ ವೈರಸ್, ಡೆಂಗಿ ವೈರಸ್ಸಿನ ದಾಯಾದಿ. ಅದರ ಆರ್‌ಎನ್‌ಎ ಸುಮಾರು 11,000 ಅಕ್ಷರಗಳಷ್ಟು ಉದ್ದ. ಅದರಿಂದ ತಯಾರಾಗುವ ಪ್ರೋಟೀನುಗಳು 10. ನಮ್ಮ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ವಂಶವಾಹಿಗಳೇ ಸುಮಾರು 20,000. ಹತ್ತು ಜನ ಕೋಟೆ ಗೆದ್ದು ಆಳುವುದು ಹೇಗೆ? ಆಳುವುದಿಲ್ಲ. ಮನೆಯವರ ಕೈಯಲ್ಲೇ ಕೆಲಸ ಮಾಡಿಸಿಕೊಳ್ಳುತ್ತಾರೆ.

ಜೀವಕೋಶ ತಾನು ಮಾಡಿದ ಇನ್ಸುಲಿನ್ ಅಥವಾ ಪ್ರತಿಕಾಯಗಳನ್ನು ಹೊರಗೆ ಕಳಿಸಲು ಒಂದು ದಾರಿ ಇಟ್ಟುಕೊಂಡಿದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದಲ್ಲಿ ಸರಕು ತಯಾರಾಗಿ, ಪುಟ್ಟ ಚೀಲಗಳಲ್ಲಿ ತುಂಬಿ, ಗಾಲ್ಗಿ ಎಂಬ ಮತ್ತೊಂದು ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಕೋಶದ ಅಂಚಿಗೆ ಸಾಗುತ್ತದೆ. ಚೀಲ ಕಟ್ಟುವುದಕ್ಕೆ ಕಾಪ್-2, ವಿಳಾಸ ತೋರಿಸುವುದಕ್ಕೆ ರ‍್ಯಾಬ್, ತಲುಪಿದ ಕಡೆ ಚೀಲವನ್ನು ಪೊರೆಗೆ ಬೆಸೆಯುವುದಕ್ಕೆ ಸ್ನೇರ್, ಹೀಗೆ ಒಂದೊಂದಕ್ಕೂ ಬೇರೆ ಪ್ರೋಟೀನುಗಳು. ಈ ಸಂಚಾರ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ರಾತ್‌ಮನ್, ಶೆಕ್‌ಮನ್, ಸೂಡಾಫ್ ಅವರಿಗೆ 2013ರಲ್ಲಿ ನೊಬೆಲ್ ಬಂತು. ರಾತ್‌ಮನ್ ಈ ದಾರಿಯ ಜಾಡು ಹಿಡಿದದ್ದು ವೈರಸ್ ತಗುಲಿದ ಜೀವಕೋಶಗಳಲ್ಲೇ!

ಡೆಂಗಿ, ಮಂಗನ ಕಾಯಿಲೆಯ ಕುಟುಂಬದ ವೈರಸ್ಸುಗಳು ಈ ಜಾಲದೊಳಗೇ ಮೊಳೆಯುತ್ತವೆ. ಆದರೆ ಆಗ ಅವಕ್ಕೆ ಸೋಂಕು ಹರಡುವ ಶಕ್ತಿ ಇರುವುದಿಲ್ಲ. ಗೋಟಡಿಕೆಗೆ ಸಿಪ್ಪೆ ಇದ್ದ ಹಾಗೆ ಅವುಗಳ ಮೇಲೊಂದು ಪ್ರೋಟೀನಿನ ಹೊದಿಕೆ. ಅದಿಲ್ಲದಿದ್ದರೆ ಹೊರಗೆ ಹೋಗುವ ಮೊದಲೇ ದಾರಿಯ ಆಮ್ಲೀಯ ವಾತಾವರಣದಲ್ಲಿ ಅಂಟಿಕೊಂಡು ಕೆಡುತ್ತವೆ. ಗಾಲ್ಗಿಯ ಕೊನೆಯ ಹಂತದಲ್ಲಿ ಈ ಸಿಪ್ಪೆಯನ್ನು ಕತ್ತರಿಸುವುದು ಫ್ಯೂರಿನ್. ಅದು ವೈರಸ್ಸಿನದಲ್ಲ, ನಮ್ಮದೇ ಕಿಣ್ವ. ನಮ್ಮ ಪ್ರೋಟೀನುಗಳನ್ನು ಕತ್ತರಿಸಿ ಹದ ಮಾಡುವುದು ಅದರ ನಿತ್ಯದ ಕೆಲಸ. ಇದನ್ನು ದಾಳಿ ಎಂದು ಕರೆಯಲು ನನಗೆ ನಾಲಿಗೆ ಬಾರದು.

ನಮ್ಮ ಪಾರಿಭಾಷಿಕ ಪದವೂ ಇಲ್ಲಿ ಕೈಕೊಡುತ್ತದೆ. ಪಠ್ಯಗಳು ಈ ಇಡೀ ವ್ಯವಹಾರಕ್ಕೆ ‘ಸ್ರವಿಸುವಿಕೆ’ ಎನ್ನುತ್ತವೆ. ಸ್ರಾವ ಎಂದರೆ ನಮಗೆ ನೆನಪಾಗುವುದು ಸೋರುವ ಮೂಗು, ಗಾಯ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ರಕ್ತಸ್ರಾವವೂ ಆಗುವುದರಿಂದ ಗೊಂದಲ ಇಮ್ಮಡಿ. ಸೋರುವುದಕ್ಕೆ ವಿಳಾಸವಿಲ್ಲ, ವಿಂಗಡಣೆಯಿಲ್ಲ. ನಾನಾದರೆ ‘ರವಾನೆ’ ಎನ್ನುತ್ತೇನೆ. ಅಡಿಕೆ ಮಂಡಿಯ ಲೆಕ್ಕಬರಹದವರಿಗೂ ಗೊತ್ತಿರುವ ಪದ; ಎಲ್ಲಿಂದ, ಎಲ್ಲಿಗೆ, ಯಾವ ಸರಕು ಎಂಬ ಪ್ರಶ್ನೆಗಳು ಅದರೊಳಗೇ ಇವೆ.

ಪದ ಬದಲಾದರೆ ಚಿಕಿತ್ಸೆಯ ಪ್ರಶ್ನೆಯೂ ಬದಲಾಗುತ್ತದೆ. ಯುದ್ಧವಾದರೆ ಶತ್ರುವನ್ನು ಕೊಂದರಾಯಿತು. ರವಾನೆಯಾದರೆ, ದಾರಿ ಮುಚ್ಚಬಹುದೇ? ಸವಳಂಗ ರಸ್ತೆಗೆ ಮೇಲ್ಸೇತುವೆ ಬರುವ ಮೊದಲು ರೈಲ್ವೆ ಗೇಟ್ ಹಾಕಿದರೆ ಲಾರಿಯ ಹಿಂದೆ ಆಂಬುಲೆನ್ಸೂ ನಿಲ್ಲಬೇಕಿತ್ತು. ಇಲ್ಲಿಯೂ ಹಾಗೆಯೇ. ಸೋಂಕು ತಗುಲಿದ ಕೋಶ ನೆರೆಯ ಕೋಶಗಳಿಗೆ ಕಳಿಸುವ ಎಚ್ಚರಿಕೆಯ ಪ್ರೋಟೀನ್ ಇಂಟರ್‌ಫೆರಾನ್ ಹೊರಡುವುದೂ ಇದೇ ದಾರಿಯಲ್ಲಿ. ಪೋಲಿಯೊ ವೈರಸ್ಸಿಗೆ ಹೊರಬೀಳಲು ಈ ದಾರಿಯ ಅಗತ್ಯ ಅಷ್ಟಾಗಿಲ್ಲ. ಅದರ 3ಎ ಎಂಬ ಪ್ರೋಟೀನ್ ದಾರಿಯನ್ನೇ ತಡೆದು ಈ ಎಚ್ಚರಿಕೆಗಳನ್ನು ಕಡಿಮೆ ಮಾಡುತ್ತದೆ. ಡೆಂಗಿಯದು ಇನ್ನೊಂದು ಬಗೆ. ಲ್ಯಾಬ್ ರಿಪೋರ್ಟಿನಲ್ಲಿ ನಾವೆಲ್ಲ ನೋಡುವ ಎನ್‌ಎಸ್‌1, ಸೋಂಕಿತ ಕೋಶ ಇದೇ ದಾರಿಯಲ್ಲಿ ರಕ್ತಕ್ಕೆ ರವಾನಿಸಿದ ವೈರಸ್ ಪ್ರೋಟೀನ್. ರಕ್ತನಾಳಗಳ ಒಳಪದರ ಸಡಿಲಗೊಂಡು ಪ್ಲಾಸ್ಮಾ ಸೋರುವುದರಲ್ಲಿ ಅದರ ಕೈಯೂ ಇದೆ.

ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧ ಇಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆ, ಅದೂ 2022ರಲ್ಲಿ ನಿಂತಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲುಸಾಲು ಸಾವು ಕಂಡ ಜನರಿಗೆ ರೂಪಕದ ಚರ್ಚೆ ಚೋದ್ಯವೆನಿಸಬಹುದು. ಆದರೆ ಯುದ್ಧದ ಭಾಷೆಗೆ ಮುಖವಿರುವ ಶತ್ರು ಬೇಕು. ಕಾಯಿಲೆಯ ಹೆಸರೇ ಆ ಮುಖವನ್ನು ಮಂಗಕ್ಕೆ ಅಂಟಿಸಿಬಿಟ್ಟಿದೆ. ತೇಜಸ್ವಿಯವರ ‘ಕರ್ವಾಲೊ’ದ ವಿಜ್ಞಾನಿಗೆ ಕಾಡಿನಲ್ಲಿ ಶತ್ರು ಬೇಕಾಗಲಿಲ್ಲ, ಊರವರು ಲೆಕ್ಕಕ್ಕಿಡದ ಮಂದಣ್ಣನ ಕಣ್ಣು ಬೇಕಾಯಿತು. ನಮ್ಮ ರೋಗಸಾಹಿತ್ಯಕ್ಕೆ ಅಂಥ ಕಣ್ಣು ಇನ್ನೂ ದಕ್ಕಿಲ್ಲ. ವೈರಸ್ಸನ್ನು ಮನುಷ್ಯನಿಗೆ ದಾಟಿಸುವುದು ಉಣುಗು. ಮಂಗವೂ ಅದೇ ಉಣುಗಿನಿಂದ ಕಚ್ಚಿಸಿಕೊಂಡು, ಬಹಳ ಸಲ ನಮಗಿಂತ ಮೊದಲು ಸಾಯುತ್ತದೆ; ಎಲ್ಲೋ ಒಂದು ಮಂಗ ಸತ್ತುಬಿದ್ದಿದೆ ಎಂಬ ಸುದ್ದಿಯ ಮೇಲೆಯೇ ಆರೋಗ್ಯ ಇಲಾಖೆಯವರು ಆ ಊರಿನ ಕಡೆ ಹೊರಡುವುದು.