ಮಳೆಯೇ ಬೀಳದ ಹಿರೇಕೆರೂರು

ಶೆಲ್ ಸ್ಕ್ರಿಪ್ಟ್ ಕಲಿಸುವವರ ಬಾಯಲ್ಲಿ ಸದಾ ಇರುವ ಮಾತು: ಕಮಾಂಡಿನ ಔಟ್‌ಪುಟ್ ವೇರಿಯೇಬಲ್‌ಗೆ ತುಂಬಿಕೊಳ್ಳಲು ಬ್ಯಾಕ್‌ಟಿಕ್ ಬೇಡ, $( ) ಬಳಸಿ, ಮೇಲೊಂದು ‘ಸೆಟ್ ಮೈನಸ್ ಇ’ ಹಾಕಿ, ಕಮಾಂಡ್ ಸೋತರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ, ನಿಶ್ಚಿಂತೆಯಿಂದಿರಿ. ಮೊದಲರ್ಧಕ್ಕೆ ನನ್ನ ತಕರಾರಿಲ್ಲ. 1979ರ ಬೋರ್ನ್ ಶೆಲ್‌ನ ಬ್ಯಾಕ್‌ಟಿಕ್‌ಗಳನ್ನು ಒಂದರೊಳಗೊಂದು ಇಡುವುದು ತಲೆನೋವು. ಡೇವಿಡ್ ಕಾರ್ನ್ ಅವರ ಶೆಲ್ ಅದನ್ನು ನೀಗಿಸಿತು. ಆದರೆ ಚಿಹ್ನೆ ಬದಲಾದ ಮಾತ್ರಕ್ಕೆ ಸ್ಕ್ರಿಪ್ಟ್ ನಂಬಿಕೆಗೆ ಅರ್ಹವಾಗುವುದಿಲ್ಲ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ದಿನದ ಮಳೆಯನ್ನು ನಾಲ್ಕು ಕಡತಗಳಿಂದ ಓದಿ ಕೂಡುವ ಬ್ಯಾಷ್ ಸ್ಕ್ರಿಪ್ಟ್ ಇದೆಯೆನ್ನಿ. (ಬ್ಯಾಷ್‌ನ ಲೆಕ್ಕಕ್ಕೆ ದಶಮಾಂಶ ಬಾರದು, ಪೂರ್ಣಾಂಕ ಮಿಲಿಮೀಟರ್ ಎಂದೇ ಇಟ್ಟುಕೊಳ್ಳೋಣ.) ಹಿರೇಕೆರೂರಿನ ಕಡತ ಆ ದಿನ ಬಂದಿಲ್ಲ. ಫಂಕ್ಷನ್ನಿನೊಳಗೆ ‘ಲೋಕಲ್’ ಎಂದು ಘೋಷಿಸುವ ಸಾಲಿನಲ್ಲೇ $( ) ಬರೆದಿದ್ದರೆ, ಒಳಗಿನ ಕಮಾಂಡ್ ಸೋತದ್ದು ಹೊರಗೆ ತಿಳಿಯುವುದೇ ಇಲ್ಲ: ಉಳಿಯುವ ಎಕ್ಸಿಟ್ ಸ್ಟೇಟಸ್ ‘ಲೋಕಲ್’ನದು, ಅದಂತೂ ಗೆದ್ದಿರುತ್ತದೆ. ‘ಸೆಟ್ ಮೈನಸ್ ಇ’ ತೆಪ್ಪಗಿರುತ್ತದೆ. ವೇರಿಯೇಬಲ್ ಖಾಲಿ. ಕೂಡುವಾಗ ಬ್ಯಾಷ್ ಆ ಖಾಲಿಯನ್ನು ಸೊನ್ನೆ ಎಂದೇ ಎಣಿಸುತ್ತದೆ. ಎರರ್ ಸಂದೇಶವೇನೋ ಬಂದಿರುತ್ತದೆ, ಆದರೆ ಕ್ರಾನ್ ನಡುರಾತ್ರಿ ಓಡಿಸುವ ಕೆಲಸದಲ್ಲಿ ಅದನ್ನು ಓದುವವರಾರು?

ವರದಿ ಬಾರದ್ದು ಹೀಗೆ ಮಳೆ ಬಾರದ್ದಾಯಿತು. ಕಣ್ಣಳತೆಯಲ್ಲಿ ಇದು ಸಿಕ್ಕಿಬೀಳದು. ಹಾನಗಲ್ ಮಲೆನಾಡಿನ ಸೆರಗು, ಸವಣೂರು ಬಯಲಸೀಮೆ. ಒಂದು ಕಡೆ ಸುರಿದು ಇನ್ನೊಂದು ಕಡೆ ಒಣಗಿರುವುದು ಇಲ್ಲಿ ಮಾಮೂಲು. ಆದರೆ ಹವಾಮಾನ ಆಧಾರಿತ ಬೆಳೆ ವಿಮೆಗೆ ಮಳೆಮಾಪಕದ ಅಂಕಿಯೂ ಆಧಾರ. ಅಲ್ಲಿ ಸೊನ್ನೆಗೂ ಖಾಲಿಗೂ ರೈತನ ಲೆಕ್ಕದಲ್ಲಿ ಅಜಗಜಾಂತರ.

ಪರಿಹಾರ ಇದು: ‘ಲೋಕಲ್’ ಘೋಷಣೆ ಒಂದು ಸಾಲಿನಲ್ಲಿ, ಔಟ್‌ಪುಟ್ ಹಿಡಿಯುವುದು ಮುಂದಿನ ಸಾಲಿನಲ್ಲಿ ಇರಲಿ. ಆಗ ಒಳಗಿನ ಸ್ಟೇಟಸ್ ಕೈಗೆ ಸಿಗುತ್ತದೆ. ಪೈಪ್ ಇದ್ದರೆ ‘ಪೈಪ್‌ಫೇಲ್’ ಕೂಡ ಬೇಕು, ಇಲ್ಲವಾದರೆ ಕೊನೆಯ ಕಮಾಂಡಿನ ಮಾತೇ ಕೊನೆಯ ಮಾತು. ಅಷ್ಟಾದರೂ ಸಾಲದು. ಕಡತವಿದ್ದು ಒಳಗೆ ಏನೂ ಇಲ್ಲದಿದ್ದರೆ ಓದುವ ಕಮಾಂಡ್ ಗೆದ್ದೇ ಗೆಲ್ಲುತ್ತದೆ. ಆದ್ದರಿಂದ ವೇರಿಯೇಬಲ್ ಖಾಲಿಯೇ ಎಂದು ಬೇರೆಯಾಗಿಯೇ ಕೇಳಬೇಕು. ಖಾಲಿಯಿದ್ದರೆ ಆ ತಾಲ್ಲೂಕಿನ ಮುಂದೆ ‘ವರದಿ ಬಂದಿಲ್ಲ’ ಎಂದು ಅಚ್ಚಾಗಲಿ, ಆ ದಿನ ಒಟ್ಟು ಮೊತ್ತ ಕೊಡುವುದೇ ಬೇಡ.